ಹೈನೊ ಬದುಕಿದ್ದಾರೆಯೇ ಎಂದು ನೋಡಲು ಹೋದದ್ದು

ಡೊಂಬಿವಲಿ

ವಿದೇಶಕ್ಕೆ ಹೋಗುವವರು ಕೋಟೆ, ಕಡಲು, ಹಿಮ ನೋಡಲು ಹೋಗುತ್ತಾರೆ. ನಾನು ಒಬ್ಬ ಮನುಷ್ಯ ಬದುಕಿದ್ದಾರೆಯೇ ಇಲ್ಲವೇ ಎಂದು ನೋಡಲು ಹೋದೆ. ಆಫೀಸಿನವರು ಎಸ್ಟೋನಿಯಾ ದೇಶಕ್ಕೆ ಕಳಿಸಿದ್ದು ಬೇರೆ ಕೆಲಸಕ್ಕೆ. ಅದು ನಾಲ್ಕು ದಿನದಲ್ಲಿ ಮುಗಿಯಿತು, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಐದನೆಯ ದಿನದ ಮಾತನ್ನೇ ಹೇಳುತ್ತೇನೆ.

ನಾನು ಹುಟ್ಟಾ ಹೆದರುಪುಕ್ಕಲಿ. ಡೊಂಬಿವಲಿಯಿಂದ ವಾಶಿಯ ಆಫೀಸಿಗೆ ಇಪ್ಪತ್ತೆರಡು ವರ್ಷದಿಂದ ಹೋಗಿಬರುತ್ತಿದ್ದರೂ ಠಾಣೆಯಲ್ಲಿ ರೈಲು ಬದಲಿಸುವಾಗ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ. ಅಂಥ ನಾನು ಇಂಟರ್ನೆಟ್ಟಿನಲ್ಲಿ ಮಾತ್ರ ಹುಲಿ. ಮೊಬೈಲಿನ, ಕಂಪ್ಯೂಟರಿನ ಪರದೆಯ ಮೇಲೆ ಬಟನ್ ಎಲ್ಲಿರಬೇಕು, ಚಿತ್ರ ಎಲ್ಲಿರಬೇಕು ಎಂದು ಯಂತ್ರಕ್ಕೆ ತಿಳಿಸಲು ಒಂದು ಪುಟ್ಟ ಭಾಷೆ ಇದೆ. ಅದನ್ನು ಬಳಸುವವರು ಜಗತ್ತಿನ ಮೂಲೆಮೂಲೆಗಳಿಂದ ಒಂದು ಫೋರಮ್ಮಿನಲ್ಲಿ ಸೇರಿ ಪ್ರಶ್ನೆ ಕೇಳುತ್ತಾರೆ, ಉತ್ತರಿಸುತ್ತಾರೆ, ಉಳಿದ ಸಮಯವೆಲ್ಲ ಜಗಳವಾಡುತ್ತಾರೆ. ಅಲ್ಲಿ ನಾನು ಮಾಡರೇಟರ್, ಅಂದರೆ ಜಗಳ ಬಿಡಿಸುವವಳು. ಬಿಡಿಸುವುದಕ್ಕಿಂತ ಮಾಡಿದ್ದೇ ಹೆಚ್ಚು.

ಹೈನೊ ಎಂಬವರೊಡನೆ ನನ್ನ ಜಗಳ ನಾಲ್ಕು ವರ್ಷದ್ದು. ಪರದೆಯ ಮೇಲೆ ಎಲ್ಲವೂ ಡಬ್ಬಿಯೊಳಗೆ ಡಬ್ಬಿ. ಹೊರಗಿನ ಡಬ್ಬಿಯನ್ನು ಏನೆಂದು ಕರೆಯಬೇಕು ಎಂಬುದೇ ಪ್ರಶ್ನೆ. ಹೈನೊ 'ಪೇರೆಂಟ್' ಎನ್ನಬೇಕು ಎಂದರು. ಹೊರಗಿನದನ್ನು ಅಳಿಸಿದರೆ ಒಳಗಿನದೆಲ್ಲ ಅಳಿಯುತ್ತದೆ, ಒಳಗಿನದರ ಹೊಣೆ ಹೊರಗಿನದ್ದು, ಆದ್ದರಿಂದ ಅದು ತಂದೆ ಅಥವಾ ತಾಯಿ ಎಂಬುದು ಅವರ ವಾದ. ನಾನು 'ಕಂಟೇನರ್' ಸಾಕು ಎಂದೆ. ತಾನು ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುವ ತಾಯಿ ಎಂಥವಳು ಎಂದು ಕೇಳಿದೆ. ಹೊಸದಾಗಿ ಕಲಿಯುವವರಿಗಾಗಿ ನಾವೆಲ್ಲ ಸೇರಿ ಒಂದು ಪದಕೋಶ ಮಾಡುತ್ತಿದ್ದೆವು. ಈ ಒಂದು ಪದಕ್ಕಾಗಿ ಅದು ಅಲ್ಲಿಯೇ ನಿಂತುಹೋಗಿತ್ತು.

ಒಂದು ಬೆಳಿಗ್ಗೆ ಏಳುವಷ್ಟರಲ್ಲಿ ಹೈನೊ ಒಂದೇ ಮಾತನ್ನು ನಾಲ್ಕು ಸಲ ಹಾಕಿದ್ದರು. ನಾನು ಇನ್ನೂ ಚಹಾ ಕುಡಿದಿರಲಿಲ್ಲ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಒಂಟಿ ಕಾಲಲ್ಲಿ ನಿಂತು ಬರೆದೆ: "ನಿಮಗೆ ಮಕ್ಕಳಿರಲಿಕ್ಕಿಲ್ಲ. ಇದ್ದಿದ್ದರೆ ಆ ಪದವನ್ನು ಇಷ್ಟು ಸಲೀಸಾಗಿ ಬಳಸುತ್ತಿರಲಿಲ್ಲ." ಎಲ್ಲರೂ ಓದುವ ಜಾಗದಲ್ಲಿ ಬರೆದೆ. ಅಷ್ಟಕ್ಕೇ ಬಿಡದೆ, ಒಂದೇ ಮಾತನ್ನು ಮೂರಕ್ಕಿಂತ ಹೆಚ್ಚು ಸಲ ಹಾಕಿದವರಿಗೆ ಮೂರು ದಿನ ಬೀಗ ಎಂಬ ನಿಯಮ ಹಿಡಿದು ಅವರ ಖಾತೆಗೆ ಬೀಗವನ್ನೂ ಹಾಕಿದೆ. ರೈಲು ಮುಂಬ್ರಾ ದಾಟುತ್ತಿತ್ತು, ನೆಟ್‌ವರ್ಕ್ ಹೋಗಿ ಬಂತು, ಹಿಂದಿನಿಂದ ಯಾರದೋ ಮೊಣಕೈ ತಿವಿಯಿತು. ಕೆಲಸ ಮುಗಿಸಿ ಫೋನನ್ನು ಚೀಲಕ್ಕೆ ತುರುಕಿದೆ.

ನಾಲ್ಕನೆಯ ದಿನ ಹೈನೊ ಬರಲಿಲ್ಲ. ವಾರವಾಯಿತು, ತಿಂಗಳಾಯಿತು, ವರ್ಷವೂ ಆಯಿತು. ನಾನು ಖಾಸಗಿಯಾಗಿ ಮೂರು ಸಲ ಕ್ಷಮೆ ಕೇಳಿ ಬರೆದೆ, ಉತ್ತರವಿಲ್ಲ. ಫೋರಮ್ಮಿನ ಹರಟೆಕೋಣೆಗೆ ಹೈನೊ ಎಂದೂ ಬಂದವರಲ್ಲ, ಅಲ್ಲಿ ವಾರಿಜಾ ಆ ಮುದುಕನನ್ನು ಓಡಿಸಿದಳು ಎಂದು ಯಾರೋ ಬರೆದರು. ಓಡಿಸಿದ್ದರೆ ನನಗೆ ಇಷ್ಟು ಭಯವಿರುತ್ತಿರಲಿಲ್ಲ. ಅವರಿಗೆ ಎಪ್ಪತ್ತು ದಾಟಿತ್ತು. ಒಮ್ಮೆ ವಾದದ ನಡುವೆ, ಹೃದಯದ ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತು ಎಂದು ಬರೆದು ನಿಲ್ಲಿಸಿದ್ದರು. ನನ್ನ ಮಾತು ಓದಿದ ದಿನವೂ ಆ ಮಾತ್ರೆ ನುಂಗಿದ್ದರೇ ಎಂದು ಎಷ್ಟು ಸಲ ಯೋಚಿಸಿದೆನೋ.

ಅವರ ವಿಳಾಸ ನನ್ನಲ್ಲಿತ್ತು. ಜಗಳ ಇನ್ನೂ ಎಳೆಯದಾಗಿದ್ದಾಗ ಒಂದು ಗೋಡೆ ಕ್ಯಾಲೆಂಡರ್ ಅಂಚೆಯಲ್ಲಿ ಕಳಿಸಿದ್ದರು. ಕಾಗದ ಬರೆಯಲು ಕುಳಿತು ಎರಡು ಸಲ ಹರಿದುಹಾಕಿದೆ. ಬರೆದರೆ ಉತ್ತರವನ್ನು ಬೇರೆ ಯಾರಾದರೂ ಬರೆದಾರು ಎಂಬ ಹೆದರಿಕೆ. ಆಫೀಸಿನವರು ಅದೇ ದೇಶಕ್ಕೆ ಹೋಗಬೇಕು ಎಂದಾಗ ನನಗೆ ಖುಷಿಯಾಗಲಿಲ್ಲ. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ ಎನಿಸಿತು, ಅಷ್ಟೇ.

ನನ್ನ ಗಂಡ ಜಯರಾಮರಿಗೆ ಠಾಣೆಯ ಕೋಪರಿಯಲ್ಲಿ ಸಣ್ಣ ಉಡುಪಿ ಹೋಟೆಲಿದೆ. ವಿಷಯ ಕೇಳಿ ಅವರು ದೋಸೆ ಕಾವಲಿಯ ಪಕ್ಕದಲ್ಲೇ ನಿಂತು ಹೇಳಿದರು, "ಅಲ್ಲ ಮಾರಾಯ್ತಿ, ಗುರ್ತ ಇಲ್ಲ ಪರಿಚಯ ಇಲ್ಲ, ಯಾರದ್ದೋ ಮನೆಗೆ ನೀನು ಒಬ್ಬಳೇ ಹೋಗುದಾ? ಆ ಅಜ್ಜ ಇದ್ದಾರೋ ಇಲ್ಲವೋ ತಿಳಿದು ನಿಂಗೆಂತ ಆಗ್ಬೇಕು?"

"ನಿದ್ದೆ ಬರ್ಬೇಕು," ಎಂದೆ.

ಅವರು ಕಾವಲಿಯ ಕಡೆ ತಿರುಗಿದರು. ಖಾರಘರದಲ್ಲಿ ಓದುತ್ತಿರುವ ಮಗಳು ಶ್ರಾವ್ಯಾಳಿಗೆ ನಾನು ಕನ್ನಡದಲ್ಲಿ ಹೇಳಿದೆ, ಅವಳು ಎಂದಿನಂತೆ ಹಿಂದಿಯಲ್ಲಿ ಉತ್ತರಿಸಿದಳು. "ಮಮ್ಮಿ, ಲೊಕೇಶನ್ ಚಾಲೂ ರಖ್ನಾ. ಅಂದರ್ ಜಾನೇ ಸೇ ಪೆಹಲೇ ಮುಝೇ ಕಾಲ್ ಕರ್." ನಾನೆಲ್ಲಿದ್ದೇನೆಂದು ಅವಳ ಫೋನಿಗೆ ಕಾಣುತ್ತಿರಬೇಕು, ಒಳಗೆ ಹೋಗುವ ಮೊದಲು ಅವಳಿಗೆ ಫೋನ್ ಮಾಡಬೇಕು ಎಂದು ಕಟ್ಟಪ್ಪಣೆ.

ತಾಲಿನ್

ರಾಜಧಾನಿ ತಾಲಿನ್ನಿನಲ್ಲಿ ನನ್ನನ್ನು ಮೊದಲು ಹೆದರಿಸಿದ್ದು ಮೌನ. ಟ್ರಾಮ್ ತುಂಬ ಜನ, ಒಬ್ಬರದೂ ಸೊಲ್ಲಿಲ್ಲ. ನಮ್ಮ ಲೋಕಲಿನಲ್ಲಿ ಅಷ್ಟು ಜನ ಅಷ್ಟು ಸುಮ್ಮನೆ ಕುಳಿತರೆ ಯಾರೋ ಹಳಿಗೆ ಬಿದ್ದಿದ್ದಾರೆ ಎಂದೇ ಅರ್ಥ. ಮೊದಲ ದಿನ ನಾನು ಪಕ್ಕದವರ ಮುಖ ನೋಡಿ ಏನಾಯಿತು ಎಂದು ಕೇಳಿಯೂಬಿಟ್ಟೆ. ಆಕೆ ಕಿಟಕಿಯ ಹೊರಗೆ ನೋಡಿ, ಮೇಲೆ ನೋಡಿ, ಕೊನೆಗೆ ತನ್ನ ಬಟ್ಟೆಯನ್ನೇ ನೋಡಿಕೊಂಡರು. ಏನೂ ಆಗಿರಲಿಲ್ಲ.

ನವೆಂಬರ್ ತಿಂಗಳು. ಮಧ್ಯಾಹ್ನದ ಚಹಾದ ಹೊತ್ತಿಗೆ ಕತ್ತಲು ಇಳಿಯುತ್ತಿತ್ತು. ಅಲ್ಲಿ ಪ್ರತಿಯೊಬ್ಬರ ಕೋಟಿನಿಂದಲೂ ಒಂದು ಹೊಳೆಯುವ ಬಿಲ್ಲೆ ನೇತಾಡುತ್ತದೆ, ಮಕ್ಕಳಿಗೂ ಮುದುಕರಿಗೂ. ನಾನು ಯಾವುದೋ ಹರಕೆ ಎಂದುಕೊಂಡಿದ್ದೆ. ಉಳಿದುಕೊಂಡಿದ್ದ ಜಾಗದ ರಿಸೆಪ್ಷನ್ ಹುಡುಗಿ ನನ್ನ ಕೋಟಿಗೂ ಒಂದನ್ನು ಸಿಕ್ಕಿಸಿ, "ಇದು ಇಲ್ಲದಿದ್ದರೆ ಕಾರಿನವರಿಗೆ ನೀವು ಕಾಣುವುದಿಲ್ಲ" ಎಂದಳು. ನಗದೆ ಹೇಳಿದಳು. ಅಲ್ಲಿಂದ ಮುಂದೆ ರಸ್ತೆ ದಾಟುವಾಗೆಲ್ಲ ಆ ಬಿಲ್ಲೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ರೈಲು ನಿಲ್ದಾಣದ ಪಕ್ಕದ ಮಾರುಕಟ್ಟೆಗೆ ಹೋದೆ. ಬರಿಗೈಯಲ್ಲಿ ಹೋಗುವುದು ಹೇಗೆ, ಹಣ್ಣು ಕೊಳ್ಳಬೇಕೆಂದಿದ್ದೆ. ಬಾಳೆಹಣ್ಣು ಕಪ್ಪಾಗಿತ್ತು, ಹೂವಿನಂಗಡಿಗೆ ನಡೆದೆ. ಅಂಗಡಿಯಾಕೆ ದಪ್ಪನೆಯ ಹೆಂಗಸು, ತಲೆಗೆ ಉಣ್ಣೆಯ ಟೊಪ್ಪಿ. ನಾನು ಬಿಳಿ ಸೇವಂತಿಗೆಯನ್ನು ತೋರಿಸಿ ಆರು ಬೆರಳು ಎತ್ತಿದೆ.

ಆಕೆಯ ಕೈ ನಿಂತಿತು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದಳು, "ಬದುಕಿದವರಿಗೋ, ಸತ್ತವರಿಗೋ?"

ಅವಳಿಗೆ ಹೇಗೆ ಗೊತ್ತಾಯಿತು ಎಂದು ಒಂದು ಕ್ಷಣ ನಿಜವಾಗಿಯೂ ಹೆದರಿದೆ. ಆಮೇಲೆ ಅವಳು ಬೆರಳು ಮಡಚಿ ತಿಳಿಸಿದಳು. ಮೂರು, ಐದು, ಏಳು ಬದುಕಿದವರಿಗೆ. ಎರಡು, ನಾಲ್ಕು, ಆರು ಗೋರಿಗೆ. ನಮ್ಮಲ್ಲಿಯೂ ಮದುವೆ ಮುಂಜಿಗೆ ಕೊಡುವಾಗ ನೂರಕ್ಕೆ ಒಂದು ಸೇರಿಸುತ್ತೇವಲ್ಲ, ಅದೇ ಲೆಕ್ಕ. ಅಷ್ಟು ದೂರದ ಚಳಿನಾಡಿನಲ್ಲಿ ನಮ್ಮದೇ ಪದ್ಧತಿ ಕಂಡು ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದೆ.

"ಗೊತ್ತಿಲ್ಲ," ಎಂದೆ.

ನನಗೆ ಭಾಷೆ ತಿಳಿಯಲಿಲ್ಲವೆಂದುಕೊಂಡಳು. ಎದೆಯ ಮೇಲೆ ಕೈ ಮಡಚಿ, ಕಣ್ಣು ಮುಚ್ಚಿ, ತಲೆ ವಾಲಿಸಿ ತೋರಿಸಿದಳು. ಆಮೇಲೆ ಕಣ್ಣು ತೆರೆದು, ಬಾಯಿ ಅಗಲಿಸಿ, ಗಾಳಿಯಲ್ಲಿ ಲೋಟ ಎತ್ತಿ ತೋರಿಸಿದಳು. ಎರಡರಲ್ಲಿ ಯಾವುದು ಎಂದು ಹುಬ್ಬೇರಿಸಿದಳು. ನನ್ನ ಹಿಂದೆ ಇಬ್ಬರು ಸರದಿಯಲ್ಲಿ ನಿಂತಿದ್ದರು, ಮೌನವಾಗಿ. ಹದಿನಾಲ್ಕು ತಿಂಗಳಿಂದ ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಇವಳು ಹಾಡಹಗಲೇ ಅಭಿನಯಿಸಿ ಕೇಳುತ್ತಿದ್ದಳು, ಮತ್ತು ಉತ್ತರ ಹೇಳದೆ ಹೂವು ಸಿಗುವ ಹಾಗಿರಲಿಲ್ಲ.

"ಐದು," ಎಂದೆ. ಹೇಳಿದ ಕೂಡಲೆ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಗುರುತು ಹಾಕಿ ಬಂದ ಹಾಗಾಯಿತು.

ತಾಪಾ ನಿಲ್ದಾಣ

ಹೈನೊ ಅವರ ಊರು ತಾಪಾ. ರೈಲಿನಲ್ಲಿ ಒಂದು ಗಂಟೆಯ ದಾರಿ. ಕಲ್ಯಾಣದಲ್ಲಿ ಕಸಾರಾ ಕಡೆಗೂ ಕರ್ಜತ್ ಕಡೆಗೂ ಹಳಿಗಳು ಬೇರೆಯಾಗುತ್ತವಲ್ಲ, ತಾಪಾ ಕೂಡ ಅಂಥದೇ ಜಂಕ್ಷನ್. ಆ ಮಾತನ್ನು ಹೈನೊ ಅವರಿಗೆ ನಾನೇ ಒಮ್ಮೆ ಬರೆದಿದ್ದೆ. ಅವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ಕಲ್ಯಾಣದಲ್ಲಿ ದಿನಕ್ಕೆ ಎಷ್ಟು ರೈಲು ಎಂದು ಕೇಳಿದ್ದರು, ನಾನು ಅಂದಾಜಿನ ಮೇಲೆ ಹೇಳಿದ್ದೆ, ಅವರು ನಂಬಿರಲಿಲ್ಲ. ನಮ್ಮ ನಡುವೆ ಇಂಥ ಒಳ್ಳೆಯ ಮಾತುಗಳೂ ಆಗಿದ್ದವು ಎಂಬುದು ಆ ರೈಲಿನಲ್ಲಿ ಕುಳಿತಾಗಲೇ ನೆನಪಾದದ್ದು.

ಡೊಂಬಿವಲಿಯವರಿಗೆ ಇಳಿಯುವುದಕ್ಕೆ ಒಂದು ಸ್ಟೇಶನ್ ಮೊದಲೇ ಎದ್ದು ಬಾಗಿಲಿಗೆ ಅಂಟಿ ನಿಲ್ಲುವ ಚಟ. ಹತ್ತು ನಿಮಿಷ ಮುಂಚೆಯೇ ಹೂವು ಹಿಡಿದು ಬಾಗಿಲಿಗೆ ಮೂಗು ತಾಗಿಸಿ ನಿಂತೆ. ಡಬ್ಬಿಯಲ್ಲಿದ್ದವರು ಏಳೆಂಟು ಮಂದಿ, ಎಲ್ಲರಿಗೂ ಕುಳಿತುಕೊಳ್ಳಲು ಜಾಗ, ಆದರೂ ಈ ಹೆಂಗಸು ಯಾಕೆ ನಿಂತಿದ್ದಾಳೆ ಎಂದು ಯಾರೂ ಕೇಳಲಿಲ್ಲ. ತಾಪಾ ಬಂತು. ರೈಲು ನಿಂತಿತು. ಬಾಗಿಲು ತೆರೆಯಲಿಲ್ಲ.

ನಮ್ಮಲ್ಲಿ ಬಾಗಿಲು ಎಂಬುದು ಮುಚ್ಚಿದ್ದೇ ಇಲ್ಲವಲ್ಲ. ನಾನು ನಿಂತೇ ಇದ್ದೆ. ತೆರೆಯದಿದ್ದರೆ ಒಳ್ಳೆಯದೇ, ಮುಂದಿನ ಊರಿನಲ್ಲಿ ಇಳಿದು ವಾಪಸಾಗಬಹುದು, ಪ್ರಯತ್ನ ಮಾಡಿದ್ದೆ ಎಂದು ಜಯರಾಮರಿಗೆ ಹೇಳಬಹುದು ಎಂದು ಕೂಡ ಯೋಚಿಸಿದೆ. ನಾಚಿಕೆಯ ಮಾತು, ಆದರೆ ನಿಜ. ಅಷ್ಟರಲ್ಲಿ ಒಬ್ಬ ಅಜ್ಜಿ ಹಿಂದಿನಿಂದ ಕೈ ಚಾಚಿ ನನ್ನ ಮೊಣಕೈ ಪಕ್ಕದ ಹಸಿರು ಬಟನ್ ಒತ್ತಿದರು. ಜೀವನವಿಡೀ ಬಟನ್ನುಗಳ ಬಗ್ಗೆ ಬರೆದವಳಿಗೆ ಅದು ಕಂಡಿರಲಿಲ್ಲ.

ಹಳೆಯ ಸ್ಟೇಶನ್ ಕಟ್ಟಡ, ಒದ್ದೆ ಪ್ಲಾಟ್‌ಫಾರ್ಮ್, ಕಾಗೆಗಳು. ಇಳಿದವರು ನಾಲ್ವರು, ಎರಡು ನಿಮಿಷದಲ್ಲಿ ಅವರೂ ಕಾಣಲಿಲ್ಲ. ಫೋನಿನ ನಕ್ಷೆ ಹಿಡಿದು ನಡೆದೆ. ದಾರಿಯಲ್ಲಿ ಒಂದು ಸ್ಮಶಾನವೂ ಸಿಕ್ಕಿತು. ಒಳಗೆ ಹೋಗಿ ಹೆಸರು ಹುಡುಕಲೇ ಎಂದು ಗೇಟಿನ ಬಳಿ ನಿಂತೆ. ಕೈಯಲ್ಲಿ ಐದೇ ಹೂವಿದ್ದವು, ಹೋಗಲಿಲ್ಲ.

ಹೈನೊ ಮನೆ

ಮರದ ಮನೆ, ಹಳದಿ ಬಣ್ಣ. ಹೊಗೆಗೂಡಿನಿಂದ ಹೊಗೆ ಬರುತ್ತಿತ್ತು. ಯಾರೋ ಇದ್ದಾರೆ, ಆದರೆ ಯಾರು ಎಂದು ಹೊಗೆ ಹೇಳುವುದಿಲ್ಲ. ಶ್ರಾವ್ಯಾಳಿಗೆ ಫೋನ್ ಮಾಡಿದೆ. ಅವಳು ಕ್ಲಾಸಿನಲ್ಲಿದ್ದಳೋ ಏನೋ, ಪಿಸುದನಿಯಲ್ಲಿ "ಜಾ ಮಮ್ಮಿ, ಮೈಂ ದೇಖ್ ರಹೀ ಹೂಂ" ಎಂದಳು, ಹೋಗು, ನಾನು ನೋಡುತ್ತಿದ್ದೇನೆ ಎಂದು. ಬಾಗಿಲು ತಟ್ಟಿದೆ.

ತೆರೆದವರು ಎತ್ತರದ, ಬಾಗಿದ ಬೆನ್ನಿನ ಮುದುಕ. ಉಣ್ಣೆಯ ಕಾಲುಚೀಲ, ಮೂಗಿನ ತುದಿಗೆ ಕನ್ನಡಕ. "ಹೈನೊ?" ಎಂದೆ. ಅವರು ಹೌದೆಂದು ತಲೆಯಾಡಿಸಿದರು. "ನಾನು ವಾರಿಜಾ. ಡೊಂಬಿವಲಿ."

ಅವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಹೂವುಗಳನ್ನು ನೋಡಿದರು. ತುಟಿ ಸ್ವಲ್ಪ ಅಲುಗಿತು, ಎಣಿಸಿರಬೇಕು. "ಶೂ ತೆಗೆಯಿರಿ," ಎಂದರು.

ಅಷ್ಟೇ. ನಾನು ಹೊಸಿಲಲ್ಲಿ ಬಗ್ಗಿ ಶೂ ದಾರ ಬಿಚ್ಚುತ್ತ ಅಳಲು ಶುರುಮಾಡಿದೆ. ಅವರು ನೋಡದವರಂತೆ ಹೂವು ತೆಗೆದುಕೊಂಡು ಒಳಗೆ ಹೋದರು, ನಲ್ಲಿಯ ನೀರಿನ ಸದ್ದು ಕೇಳಿತು. ನಮ್ಮಲ್ಲಿ ಯಾರಾದರೂ ಅತ್ತರೆ ಇಡೀ ಬಿಲ್ಡಿಂಗ್ ಓಡಿ ಬರುತ್ತದೆ. ಅಳುವವರನ್ನು ಅಳಲು ಬಿಟ್ಟು ಹೋಗುವುದೂ ಒಂದು ಮರ್ಯಾದೆ ಎಂದು ನನಗೆ ಆಗ ತಿಳಿಯಲಿಲ್ಲ. ಸಿಟ್ಟು ಎಂದೇ ಭಾವಿಸಿದೆ.

ಅಡುಗೆಮನೆಯಲ್ಲಿ ಕಾಫಿ ಕೊಟ್ಟರು, ಕಪ್ಪು ಬ್ರೆಡ್ಡು, ಬೆಣ್ಣೆ. ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಮನಸ್ಸಿನಲ್ಲೇ ಕ್ಷಮಾಪಣೆಯ ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಹೇಳಿದರು, "ನೀವು ಬಂದದ್ದು ಒಳ್ಳೆಯದಾಯಿತು. ಪದಕೋಶ ಮುಗಿಯಿತು."

ಪಕ್ಕದ ಕೋಣೆಯ ಕಂಪ್ಯೂಟರಿನ ಮುಂದೆ ಕರೆದುಕೊಂಡು ಹೋದರು. ಫೋರಮ್ಮಿನಲ್ಲಿ ನಮ್ಮ ಹಳೆಯ ಚರ್ಚೆಯ ಪುಟ ತೆರೆದಿತ್ತು. ನನಗೆ ಗೊತ್ತಿದ್ದ ಹಾಗೆ ಆ ಪುಟ ನನ್ನ ಕೊಳಕು ಮಾತಿನಲ್ಲಿ ಕೊನೆಯಾಗಬೇಕು. ಇಲ್ಲಿ ಕೊನೆಯಾಗಿರಲಿಲ್ಲ. ಅದರ ಕೆಳಗೆ ಹೈನೊ ಅವರ ಬರಹ, ಅದರ ಕೆಳಗೆ ಇನ್ನೊಂದು, ಮತ್ತೊಂದು. ಅವರು ಉರುಳಿಸುತ್ತಲೇ ಹೋದರು. ಒಂದೊಂದು ಪದಕ್ಕೂ ವಿವರಣೆ, ಉದಾಹರಣೆ, ಚಿತ್ರ. ಹದಿನಾಲ್ಕು ತಿಂಗಳ ಕೆಲಸ.

"ಪ್ರತಿಯೊಂದನ್ನೂ ಹಾಕಿ ಒಂದು ವಾರ ಕಾದೆ," ಎಂದರು. "ಯಾರೂ ಆಕ್ಷೇಪ ಎತ್ತಲಿಲ್ಲ. ನೀವೂ ಎತ್ತಲಿಲ್ಲ. ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಎಂದರ್ಥ. ಹಾಗಾಗಿ ಮುಂದಿನದಕ್ಕೆ ಹೋದೆ."

ಅವರು ಬರೆದ ಒಂದಕ್ಷರವೂ ನನಗಾಗಲಿ ಇನ್ನೊಬ್ಬರಿಗಾಗಲಿ ಕಂಡಿರಲಿಲ್ಲ. ನಮ್ಮ ಫೋರಮ್ಮಿನ ಬೀಗ ಸದ್ದಿಲ್ಲದ ಬೀಗ. ಬೀಗ ಬಿದ್ದದ್ದು ಆ ವ್ಯಕ್ತಿಗೆ ತಿಳಿಯುವುದಿಲ್ಲ. ತಿಳಿದರೆ ಜಗಳಗಂಟರು ಇನ್ನೊಂದು ಹೆಸರಿನಲ್ಲಿ ಬರುತ್ತಾರೆ ಎಂದು ಹಾಗೆ ಮಾಡಿದ್ದೇವೆ. ಅವರು ಬರೆದದ್ದು ಅವರಿಗೆ ಮಾತ್ರ ಕಾಣುತ್ತದೆ, ಬೇರೆಯವರ ಖಾಸಗಿ ಸಂದೇಶ ಅವರನ್ನು ಮುಟ್ಟುವುದಿಲ್ಲ. ಆದರೆ ನಾನು ಹಾಕಿದ್ದು ಮೂರು ದಿನಕ್ಕೆ.

ಬಚ್ಚಲು ಎಲ್ಲಿ ಎಂದು ಕೇಳಿ ಒಳಹೋಗಿ ಚಿಲಕ ಹಾಕಿಕೊಂಡೆ. ಫೋನಿನಲ್ಲಿ ಬೀಗದ ಪುಟ ತೆರೆದೆ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ಎಷ್ಟು ದಿನ ಎಂದು ಬರೆಯುವ ಜಾಗ ಖಾಲಿ ಇತ್ತು. ಖಾಲಿ ಬಿಟ್ಟರೆ ಕೊನೆಯಿಲ್ಲ ಎಂದರ್ಥ. ಮುಂಬ್ರಾದಲ್ಲಿ ನೆಟ್‌ವರ್ಕ್ ಹೋಗಿ ಬಂದಾಗ ನಾನು ತುಂಬಿದ್ದ ಮೂರು ಅಳಿಸಿಹೋಗಿದೆ, ನಾನು ನೋಡದೆ ಒತ್ತಿದ್ದೇನೆ. ಒಬ್ಬ ಮಾಡರೇಟರ್ ಹಾಕಿದ ಬೀಗವನ್ನು ಇನ್ನೊಬ್ಬರು ಮುಟ್ಟಬಾರದು ಎಂಬುದು ನಮ್ಮ ಕಟ್ಟುನಿಟ್ಟು. ಹಾಗಾಗಿ ಯಾರೂ ಮುಟ್ಟಿಲ್ಲ. ನಾನು ನಾಚಿಕೆಯಿಂದ ಆ ಪುಟಕ್ಕೆ ಹೋಗಿಯೇ ಇಲ್ಲ.

ಆಗಲೇ ಜಯರಾಮರ ಫೋನ್ ಬಂತು. ಹಿಂದೆ ಪಾತ್ರೆಗಳ ಸದ್ದು. "ಎಂತಾಯ್ತು? ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ಮುಗೀತಲ್ಲ ಮಾರಾಯ್ತಿ. ಕತ್ತಲಾಗುವ ಮೊದಲು ಹೊರಡು."

ಹೊರಡಬಹುದಿತ್ತು. ಅಲ್ಲೇ ನಿಂತು ಬೀಗ ತೆಗೆದು, ಕಾಫಿಗೆ ಥ್ಯಾಂಕ್ಸ್ ಹೇಳಿ, ರೈಲು ಹತ್ತಬಹುದಿತ್ತು. ಬರಹಗಳೆಲ್ಲ ಒಟ್ಟಿಗೆ ಹೊರಬೀಳುತ್ತಿದ್ದವು, ಏನೋ ತಾಂತ್ರಿಕ ದೋಷ ಎಂದು ಬಿಡಬಹುದಿತ್ತು. ಸತ್ತಿದ್ದಾರೋ ಎಂಬ ಭಯಕ್ಕಿಂತ ಈ ಭಯ ದೊಡ್ಡದಾಗಿತ್ತು. ಸತ್ತವರ ಮುಂದೆ ಕುಳಿತು ಏನನ್ನೂ ಹೇಳಬೇಕಾಗಿಲ್ಲವಲ್ಲ.

ಹೊರಗೆ ಬಂದು, ನಿಂತುಕೊಂಡೇ, ಎಲ್ಲವನ್ನೂ ಹೇಳಿದೆ. ರೈಲು, ಮುಂಬ್ರಾ, ಮೊಣಕೈ, ಖಾಲಿ ಜಾಗ. ಇಂಗ್ಲಿಷ್ ತಪ್ಪಿತು. ಅವರು ಕುರ್ಚಿಯಲ್ಲಿ ಅಲುಗಾಡದೆ ಕೇಳಿದರು.

"ಇವನ್ನು ಯಾರೂ ಓದಿಲ್ಲವೇ?"

"ಇಲ್ಲ."

"ಮೊದಲನೆಯದನ್ನೂ?"

ನಾನು ಪರದೆಯತ್ತ ನೋಡಿದೆ. ಅವರು ಪುಟವನ್ನು ಮೇಲಕ್ಕೆ ಉರುಳಿಸಿದರು. ನನ್ನ ಮಾತಿನ ಕೆಳಗೇ, ಅದೇ ದಿನ, ಅವರು ಬರೆದ ಮೊದಲ ಬರಹ. ಅದರಲ್ಲಿ ವಾದವಿರಲಿಲ್ಲ, ಒಂದೇ ಸಾಲಿತ್ತು. "ನನಗೊಬ್ಬಳು ಮಗಳಿದ್ದಾಳೆ."

"ಅದನ್ನೂ ಓದಿಲ್ಲ," ಎಂದೆ.

ಅವರು ನನ್ನನ್ನು ಅಡುಗೆಮನೆಗೆ ಹೋಗುವಂತೆ ಕೈಯಿಂದ ತೋರಿಸಿದರು. ನಾನು ಹೋದ ಮೇಲೆ ಬಾಗಿಲು ಮುಚ್ಚಿಕೊಂಡರು. ಒಬ್ಬಳೇ ಕುಳಿತೆ. ಕಿಟಕಿಯಾಚೆ ಬೆಳಕು ಕಡಿಮೆಯಾಗುತ್ತಿತ್ತು. ಬೀಗ ತೆಗೆದು, ತೆಗೆದೆನೆಂದು ಮುಚ್ಚಿದ ಬಾಗಿಲಿನಾಚೆ ಕೇಳುವಂತೆ ಹೇಳಿದೆ. ಮೇಜಿನ ಮೇಲಿಟ್ಟ ಫೋನು ನಡುಗತೊಡಗಿತು, ನಿಲ್ಲದೆ ನಡುಗಿತು, ಹದಿನಾಲ್ಕು ತಿಂಗಳ ಬರಹಗಳು ಒಂದೊಂದಾಗಿ ಬಂದು ಬಿದ್ದವು. ಒಳಗಿನಿಂದ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ನಿಧಾನ, ಎರಡು ಬೆರಳಿನ ಟೈಪಿಂಗ್. ಮುಖದೆದುರು ಬೈಯಲಾರದ ಮನುಷ್ಯ ಎಲ್ಲರ ಮುಂದೆ ಬೈಯುತ್ತಾರೆ ಎಂದುಕೊಂಡೆ. ನಾನು ಅವರಿಗೆ ಮಾಡಿದ್ದೂ ಅದನ್ನೇ ತಾನೆ.

ಸದ್ದು ನಿಂತಿತು. ಫೋನು ಇನ್ನೊಮ್ಮೆ ನಡುಗಿತು. ತೆರೆಯಲು ಧೈರ್ಯ ಬಾರದೆ ಕಾಫಿ ಲೋಟವನ್ನು ಎರಡು ಸಲ ತೊಳೆದೆ. ಆಮೇಲೆ ಓದಿದೆ.

"ನನ್ನ ಖಾತೆಗೆ ಇದ್ದ ಬೀಗವನ್ನು ಈಗ ತೆಗೆಯಲಾಗಿದೆ. ಹಾಕಿದವರು ನನ್ನ ಅಡುಗೆಮನೆಯಲ್ಲಿ ಕುಳಿತಿದ್ದಾರೆ. ತಮ್ಮ ತಪ್ಪು ಎಂದು ಅವರೇ ಹೇಳಿದ್ದಾರೆ. ನನ್ನ ಮೊದಲನೆಯ ಬರಹಕ್ಕೆ ಅವರು ಉತ್ತರಿಸುವವರೆಗೆ ಬೇರೆ ಯಾರೂ ಇಲ್ಲಿ ಏನೂ ಬರೆಯಬೇಡಿ."

ಮೇಲಕ್ಕೆ ಹೋದೆ. ನನಗೊಬ್ಬಳು ಮಗಳಿದ್ದಾಳೆ. ಅದರ ಕೆಳಗೆ ಉತ್ತರಿಸುವ ಜಾಗ. ಕ್ಷಮಿಸಿ ಎಂದು ಬರೆದು ಅಳಿಸಿದೆ. ನನಗೂ ಒಬ್ಬಳಿದ್ದಾಳೆ ಎಂದು ಬರೆದು ಅದನ್ನೂ ಅಳಿಸಿದೆ, ಅದು ಮತ್ತೆ ನನ್ನ ಬಗೆಗಿನ ಮಾತೇ ಆಯಿತು. ಜಗತ್ತಿನ ಎಷ್ಟು ಮಂದಿ ಆ ಪುಟ ನೋಡುತ್ತ ಕಾಯುತ್ತಿದ್ದರೋ. ಒಳಗಿನ ಕೋಣೆಯಲ್ಲಿ ಒಬ್ಬರು ಕಾಯುತ್ತಿದ್ದರು ಎಂಬುದಷ್ಟೇ ನನಗೆ ಗೊತ್ತಿತ್ತು.

"ಅವಳ ಹೆಸರೇನು?" ಎಂದು ಬರೆದು ಕಳಿಸಿದೆ.

ಟೈಪ್ ಮಾಡುವ ಸದ್ದಿಗಾಗಿ ಕಿವಿಗೊಟ್ಟು ಕುಳಿತೆ. ಅದು ಕೇಳಲಿಲ್ಲ. ಕುರ್ಚಿ ಸರಿದ ಸದ್ದಾಯಿತು, ಬಾಗಿಲು ತೆರೆಯಿತು. ಹೇಳಲು ಅವರೇ ಎದ್ದು ಬಂದಿದ್ದರು.